ಮಾರಿಷಸ್ ದ್ವೀಪದ ವೃತ್ತಪತ್ರಿಕೆಗಳು

ನಮ್ಮ ತಂದೆಯವರಿಗೆ ಅಕ್ಷರ ಬಾರದು. ನಾನು ನಾಲ್ಕನೆಯ ತರಗತಿಗೆ ಬಂದಂದಿನಿಂದ ಊರಿನ ಕಾಫಿ ಹೋಟೆಲಿನ ಜಗಲಿಯ ಮೇಲೆ ಕುಳಿತು ಬೆಳಗಿನ ಪತ್ರಿಕೆಯನ್ನು ಅವರಿಗೂ ಅವರ ಜೊತೆಗಾರರಿಗೂ ಗಟ್ಟಿಯಾಗಿ ಓದಿ ಹೇಳುವುದು ನನ್ನ ಪಾಲಿನ ಕೆಲಸವಾಗಿದ್ದಿತು. ಮೊದಲು ಮಳೆಯ ಸುದ್ದಿ, ಆಮೇಲೆ ರೇಷ್ಮೆಗೂಡಿನ ಧಾರಣೆ, ಕೊನೆಗೆ ರಾಜಕೀಯ. ಇದು ಅವರು ಗೊತ್ತುಮಾಡಿದ ಕ್ರಮ. ಒಂದು ಸಾಲನ್ನು ನಾನು ಬಿಟ್ಟು ಓದಿದರೂ ಅವರಿಗೆ ಅದು ಹೇಗೋ ತಿಳಿದುಬಿಡುತ್ತಿತ್ತು. ಆದುದರಿಂದ ವೃತ್ತಪತ್ರಿಕೆಯೆಂಬುದು ಕಣ್ಣಿನಿಂದ ಓದುವುದಕ್ಕಿಂತ ಹೆಚ್ಚಾಗಿ ಕಿವಿಯಿಂದ ಕೇಳುವ ವಸ್ತು ಎಂಬ ಭಾವನೆ ನನ್ನಲ್ಲಿ ಬಹುಕಾಲ ಬೇರೂರಿತ್ತು. ಈ ವರ್ಷ ಇತಿಹಾಸದ ತರಗತಿಯಲ್ಲಿ ಸಾಗರದಾಚೆಯ ಭಾರತೀಯರನ್ನು ಕುರಿತು ಒಂದು ಪ್ರಬಂಧ ಬರೆಯಬೇಕಾಗಿ ಬಂದಾಗ ನಾನು ಮಾರಿಷಸ್ ದ್ವೀಪವನ್ನು ಆರಿಸಿಕೊಂಡೆನು. ಓದುತ್ತ ಹೋದಂತೆ ಸಕ್ಕರೆಗಿಂತಲೂ ಕೂಲಿಗಿಂತಲೂ ಹೆಚ್ಚಾಗಿ ಆ ದ್ವೀಪದ ಪತ್ರಿಕೆಗಳೇ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುವು. ಅಲ್ಲಿ ಸರ್ಕಾರದ ಭಾಷೆ ಒಂದು, ಪತ್ರಿಕೆಯ ಭಾಷೆ ಇನ್ನೊಂದು, ಮನೆಯ ಭಾಷೆ ಮತ್ತೊಂದು. ಹೀಗಿರುವಾಗ ಪತ್ರಿಕೆ ಯಾರದು ಎಂಬ ಪ್ರಶ್ನೆಯನ್ನಿಟ್ಟುಕೊಂಡು ಈ ಲೇಖನವನ್ನು ಬರೆದಿರುತ್ತೇನೆ. ನಾನು ಆ ದೇಶವನ್ನು ಕಂಡವನಲ್ಲ. ಪುಸ್ತಕದಿಂದ ತಿಳಿದುದನ್ನು ಮಾತ್ರ ಹೇಳಬಲ್ಲೆನು.

ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿಗೆ ಪೂರ್ವದಲ್ಲಿರುವ ಈ ದೇಶದ ಒಟ್ಟು ವಿಸ್ತಾರ ಸುಮಾರು 2,040 ಚದರ ಕಿಲೋಮೀಟರು. ಜನಸಂಖ್ಯೆ ಹನ್ನೆರಡು ಲಕ್ಷಕ್ಕೆ ತುಸು ಮೇಲೆ. ಮೂಲನಿವಾಸಿಗಳೆಂಬವರು ಅಲ್ಲಿ ಯಾರೂ ಇರಲಿಲ್ಲ. ಡಚ್ಚರು ಬಂದು ಬಿಟ್ಟುಹೋದ ಮೇಲೆ 1715ರಲ್ಲಿ ಫ್ರೆಂಚರು ಅದನ್ನು ತಮ್ಮದೆಂದು ಸಾರಿದರು. 1810ರಲ್ಲಿ ಇಂಗ್ಲಿಷರು ಗೆದ್ದುಕೊಂಡರು. ಆದರೆ ಶರಣಾಗತಿಯ ಕರಾರಿನಲ್ಲಿ ಫ್ರೆಂಚ್ ನಿವಾಸಿಗಳಿಗೆ ತಮ್ಮ ಧರ್ಮ, ಕಾನೂನು, ನಡವಳಿಕೆಗಳನ್ನು ಉಳಿಸಿಕೊಳ್ಳಲು ಅವಕಾಶ ದೊರೆಯಿತು. ಹೀಗಾಗಿ ಅಧಿಕಾರ ಇಂಗ್ಲಿಷರ ಕೈಗೆ ಬಂದರೂ ಭೂಮಿಯೂ ಅಚ್ಚುಕೂಟವೂ ಫ್ರೆಂಚ್ ಮಾತನಾಡುವವರ ಕೈಯಲ್ಲೇ ಉಳಿದುವು. ಮುಂದಿನ ಕಥೆಗೆಲ್ಲ ಇದೇ ಬುನಾದಿ.

ಆ ದ್ವೀಪದ ಮೊದಲ ಪತ್ರಿಕೆ 1773ರಷ್ಟು ಹಿಂದೆಯೇ ಹೊರಟಿತು. ಕಲ್ಕತ್ತೆಯಲ್ಲಿ ಹಿಕ್ಕಿಯ ಬೆಂಗಾಲ್ ಗೆಜೆಟ್ ಹೊರಟದ್ದು 1780ರಲ್ಲಿ. ಅಂದರೆ ಈ ಪುಟ್ಟ ದ್ವೀಪ ನಮ್ಮ ದೇಶಕ್ಕಿಂತ ಏಳು ವರ್ಷ ಮುಂದಿತ್ತು. ಆದರೆ ಅದರ ಹೆಸರೇ 'ಪ್ರಕಟಣೆಗಳು, ಭಿತ್ತಿಪತ್ರಗಳು ಮತ್ತು ನಾನಾ ಸೂಚನೆಗಳು' ಎಂಬರ್ಥದ ಒಂದು ಉದ್ದನೆಯ ಫ್ರೆಂಚ್ ಹೆಸರು. ಅಭಿಪ್ರಾಯಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಅಭಿಪ್ರಾಯವನ್ನು ಅಚ್ಚುಮಾಡುವ ಹಕ್ಕು ಬಂದುದು ಮತ್ತೆ ಸುಮಾರು ಅರವತ್ತು ವರ್ಷಗಳ ಮೇಲೆ. ಅದು ಬಂದ ಬಗೆಯನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು.

ಪತ್ರಿಕಾ ಸ್ವಾತಂತ್ರ್ಯವೆಂದೊಡನೆ ದುರ್ಬಲನ ಪರವಾಗಿ ಪ್ರಬಲನೆದುರು ಎತ್ತಿದ ಧ್ವನಿ ಎಂದು ನಾವು ಭಾವಿಸುತ್ತೇವೆ. ನಮ್ಮ ಪಠ್ಯಪುಸ್ತಕಗಳೂ ಹಾಗೆಯೇ ಹೇಳುತ್ತವೆ. ಮಾರಿಷಸ್ಸಿನಲ್ಲಿ ನಡೆದುದು ಬೇರೆ. ಆಡ್ರಿಯೆನ್ ದೆಪಿನೆ ಎಂಬ ವಕೀಲನು ತೋಟದ ಯಜಮಾನರ ಪ್ರತಿನಿಧಿಯಾಗಿ ಲಂಡನ್ನಿಗೆ ಹೋಗಿ, 1831ರಲ್ಲಿ ಅಲ್ಲಿನ ಸರ್ಕಾರದಿಂದ ಪತ್ರಿಕೆಗಳ ಮೇಲಿನ ಕಟ್ಟನ್ನು ಸಡಿಲಿಸಿಕೊಂಡು ಬಂದನು. 1832ರ ಫೆಬ್ರವರಿಯಲ್ಲಿ 'ಲ ಸೆರ್ನೆಯೆನ್' ಎಂಬ ಪತ್ರಿಕೆಯನ್ನು ಆರಂಭಿಸಿದನು. ಅದು ದ್ವೀಪದ ಮೊದಲ ಸ್ವತಂತ್ರ ಪತ್ರಿಕೆ. ಆ ಸ್ವಾತಂತ್ರ್ಯವನ್ನು ಅವರು ಬಯಸಿದ್ದು ಯಾವುದಕ್ಕಾಗಿ? ಆಗ ಇಂಗ್ಲೆಂಡಿನಲ್ಲಿ ಗುಲಾಮಗಿರಿಯ ನಿರ್ಮೂಲನದ ಚಳವಳಿ ಬಲವಾಗಿತ್ತು. ಪರಿಹಾರವಿಲ್ಲದೆ ಗುಲಾಮರನ್ನು ಬಿಡುಗಡೆ ಮಾಡಬಾರದೆಂದು ವಾದಿಸುವುದಕ್ಕೆ ಯಜಮಾನರಿಗೆ ಒಂದು ಪತ್ರಿಕೆ ಬೇಕಾಗಿತ್ತು. ಅದೇ ವರ್ಷ ಗುಲಾಮಗಿರಿಯ ವಿರೋಧಿಯಾದ ಜಾನ್ ಜೆರಮಿ ಎಂಬಾತ ಸರ್ಕಾರದ ವಕೀಲನಾಗಿ ಬಂದಿಳಿದಾಗ ಅಂಗಡಿಗಳೆಲ್ಲ ಮುಚ್ಚಿದುವು, ಊರು ಸ್ತಬ್ಧವಾಯಿತು. ಎರಡು ತಿಂಗಳು ಕಳೆಯುವುದರೊಳಗೆ ಅವನನ್ನು ಹಡಗು ಹತ್ತಿಸಬೇಕಾಯಿತು. ಮರುವರ್ಷ ಅವನು ಮರಳಿ ಬಂದನೆಂಬುದು ಬೇರೆ ಮಾತು. ಕೊನೆಗೆ 1835ರ ಫೆಬ್ರವರಿ 1ರಂದು ಗುಲಾಮಗಿರಿ ಕಾನೂನಿನ ಮಟ್ಟಿಗೆ ಅಳಿಯಿತು. ದ್ವೀಪದ ಯಜಮಾನರಿಗೆ ಇಪ್ಪತ್ತು ಲಕ್ಷ ಪೌಂಡಿಗೂ ಮೀರಿ ಪರಿಹಾರ ದೊರೆಯಿತು. ಗುಲಾಮರಿಗೆ ಏನೂ ದೊರೆಯಲಿಲ್ಲ. ಅವರಿಗೆ ಪತ್ರಿಕೆಯೂ ಇರಲಿಲ್ಲ.

ಹಾಗಾದರೆ ಆ ಸ್ವಾತಂತ್ರ್ಯ ಹುಸಿಯೆ? ನನಗೆ ಹಾಗೆನಿಸುವುದಿಲ್ಲ. ಯಜಮಾನನು ತನಗೆಂದು ತೆರೆಸಿದ ಬಾಗಿಲನ್ನು ಇನ್ನೊಬ್ಬನು ಹಾಯದಂತೆ ಮಾಡುವುದು ಅವನ ಕೈಯಲ್ಲಿರಲಿಲ್ಲ. ಹನ್ನೊಂದು ವರ್ಷಗಳ ಮೇಲೆ, 1843ರಲ್ಲಿ, ರೆಮಿ ಒಲ್ಲಿಯೆ ಎಂಬ ತರುಣನು 'ಲಾ ಸೆಂಟಿನೆಲ್' ಎಂಬ ಪತ್ರಿಕೆಯನ್ನು ಹೊರಡಿಸಿದನು. ಸೆಂಟಿನೆಲ್ ಎಂದರೆ ಪಹರೆಯವನು. ಒಲ್ಲಿಯೆ ಬಿಳಿಯನಲ್ಲ. ಬಿಳಿಯರಿಗೂ ಆಫ್ರಿಕದ ಗುಲಾಮರಿಗೂ ನಡುವೆ ಹುಟ್ಟಿದ, ಸ್ವತಂತ್ರರಾಗಿದ್ದೂ ಅವಮಾನಿತರಾಗಿದ್ದ ಮಿಶ್ರವರ್ಣದ ಜನಕ್ಕೆ ಸೇರಿದವನು. 1829ರಲ್ಲೇ ಕಾನೂನು ಅವರನ್ನು ಬಿಳಿಯರಿಗೆ ಸಮಾನರೆಂದು ಹೇಳಿದ್ದಿತು. ಆದರೆ ಕಾನೂನು ಹೇಳಿದ್ದನ್ನು ಬೀದಿ ಒಪ್ಪಿರಲಿಲ್ಲ. ಲ ಸೆರ್ನೆಯೆನ್ ಪತ್ರಿಕೆಗೆ ಎದುರುತ್ತರ ಕೊಡುವ ಪತ್ರಿಕೆಯೊಂದು ಹೀಗೆ ಹುಟ್ಟಿತು. ಒಲ್ಲಿಯೆ 1845ರ ಜನವರಿಯಲ್ಲಿ ತೀರಿಕೊಂಡನು. ಆಗ ಅವನಿಗೆ ಇಪ್ಪತ್ತೆಂಟು ವಯಸ್ಸು. ಎರಡು ವರ್ಷವೂ ತುಂಬದ ಸಂಪಾದಕತ್ವ.

ಇಷ್ಟರಲ್ಲಿ ಗದ್ದೆಗಳಲ್ಲಿ ಬೇರೆಯೇ ಜನ ತುಂಬಿದ್ದರು. 1834ರಿಂದ ಮೊದಲ್ಗೊಂಡು ಇಪ್ಪತ್ತನೆಯ ಶತಮಾನದ ಆರಂಭದವರೆಗೆ ನಾಲ್ಕೂವರೆ ಲಕ್ಷದಷ್ಟು ಭಾರತೀಯರು ಕರಾರಿನ ಕೂಲಿಗಳಾಗಿ ಮಾರಿಷಸ್ಸಿಗೆ ಹೋದರು. ಹೆಚ್ಚಿನವರು ಬಿಹಾರದ ಭೋಜಪುರಿ ಸೀಮೆಯವರು. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಕರಾರಿಗೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದ ಈ ಜನರ ಸಂಕಟವನ್ನು ಯಾವ ಪತ್ರಿಕೆ ಬರೆಯಬೇಕು? ಒಂದು ದಿನ ಕೆಲಸಕ್ಕೆ ಬಾರದಿದ್ದರೆ ಎರಡು ದಿನದ ಕೂಲಿಯನ್ನು ಹಿಡಿದುಕೊಳ್ಳುವ ಪದ್ಧತಿ ಅಲ್ಲಿತ್ತು. ಅದನ್ನು 'ಇಮ್ಮಡಿ ಕಡಿತ'ವೆನ್ನುತ್ತಿದ್ದರು. 1867ರ ಕಾಯಿದೆಯಿಂದ ಕರಾರು ಮುಗಿದವನೂ ಭಾವಚಿತ್ರವಿರುವ ರಹದಾರಿಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಬೇಕಾಯಿತು. 1871ರಲ್ಲಿ ಅಡಾಲ್ಫ್ ದ ಪ್ಲೆವಿಟ್ಸ್ ಎಂಬ ಐರೋಪ್ಯನೊಬ್ಬನು ಈ ಕೂಲಿಗಳ ದೂರುಗಳನ್ನೆಲ್ಲ ಕೂಡಿಸಿ ರಾಜ್ಯಪಾಲರಿಗೊಂದು ಮನವಿಯನ್ನು ಸಿದ್ಧಪಡಿಸಿದನು. ಅದಕ್ಕೆ 9,401 ಮಂದಿ ರುಜು ಹಾಕಿದರು. ತೋಟದ ಯಜಮಾನರು ಅವನನ್ನು ದೇಶದಿಂದ ಹೊರಹಾಕಬೇಕೆಂದು ಗದ್ದಲವೆಬ್ಬಿಸಿದರು. ಪೋರ್ಟ್ ಲೂಯಿ ನಗರದ ಬೀದಿಯಲ್ಲಿ ಅವನಿಗೆ ಪೆಟ್ಟೂ ಬಿದ್ದಿತು. ಆದರೆ ಮರುವರ್ಷ ಲಂಡನ್ನಿನಿಂದ ವಿಚಾರಣಾ ಆಯೋಗವೊಂದು ಬಂದುದು ಈ ಮನವಿಯ ಫಲ. ಪತ್ರಿಕೆಯಿಲ್ಲದವರ ಪತ್ರಿಕೆಯೆಂದು ಆ ಮನವಿಯನ್ನು ನಾನು ಈ ಚರಿತ್ರೆಯಲ್ಲಿ ಸೇರಿಸಿದ್ದೇನೆ; ಅಧ್ಯಾಪಕರು ಒಪ್ಪದಿದ್ದರೆ ಕ್ಷಮಿಸಬೇಕು.

ಭಾರತೀಯರ ಸ್ವಂತ ಪತ್ರಿಕೆಯ ಕಥೆಯಲ್ಲಿ ಗಾಂಧೀಜಿಯವರ ಕೈಯಿದೆ. 1901ರಲ್ಲಿ ದಕ್ಷಿಣ ಆಫ್ರಿಕದಿಂದ ಮರಳುವಾಗ ಅವರ ಹಡಗು ಪೋರ್ಟ್ ಲೂಯಿಯಲ್ಲಿ ತಂಗಿತು. ಅವರು ದ್ವೀಪದಲ್ಲಿ ಸುಮಾರು ಮೂರು ವಾರ ಇದ್ದರು. ಮಕ್ಕಳಿಗೆ ಓದು ಕಲಿಸಿರಿ, ರಾಜಕೀಯದಲ್ಲಿ ಕೈಹಾಕಿರಿ ಎಂಬುದು ಅವರು ಅಲ್ಲಿನ ಭಾರತೀಯರಿಗೆ ಕೊಟ್ಟ ಸಲಹೆ. ಅವರ ಪ್ರೇರಣೆಯಿಂದಲೇ 1907ರಲ್ಲಿ ಮಣಿಲಾಲ್ ಡಾಕ್ಟರ್ ಎಂಬ ಬರೋಡೆಯ ತರುಣ ಬ್ಯಾರಿಸ್ಟರರು ಅಲ್ಲಿಗೆ ಹೋದರು. ಡಾಕ್ಟರ್ ಎಂಬುದು ಅವರ ಮನೆತನದ ಹೆಸರು, ವೈದ್ಯರೇನಲ್ಲ. ನ್ಯಾಯಾಲಯದಲ್ಲಿ ಅವರ ಪೇಟದ ವಿಷಯವಾಗಿಯೇ ಮೊದಲ ಜಗಳವಾಯಿತು. ಅವರು ಪಟ್ಟುಬಿಡದೆ ಪೇಟವನ್ನಿಟ್ಟುಕೊಂಡೇ ವಾದಿಸುವ ಹಕ್ಕನ್ನು ಪಡೆದರು. ಕೂಲಿಗಳ ಮೊಕದ್ದಮೆಗಳನ್ನು ನಡೆಸುತ್ತ ಹೋದಂತೆ, ನ್ಯಾಯಾಲಯದಲ್ಲಿ ಗೆದ್ದ ಮಾತು ಗದ್ದೆಯವರೆಗೆ ಮುಟ್ಟದೆ ಹೋದರೆ ಗೆದ್ದೂ ಪ್ರಯೋಜನವಿಲ್ಲವೆಂಬುದು ಅವರಿಗೆ ಹೊಳೆದಿರಬೇಕು. 1909ರ ಮಾರ್ಚಿ ತಿಂಗಳಲ್ಲಿ 'ಹಿಂದುಸ್ಥಾನಿ' ಎಂಬ ಪತ್ರಿಕೆಯನ್ನು ಅವರು ಆರಂಭಿಸಿದರು. ವ್ಯಕ್ತಿಯ ಸ್ವಾತಂತ್ರ್ಯ, ಮನುಷ್ಯರ ಸೋದರತ್ವ, ಜನಾಂಗಗಳ ಸಮಾನತೆ ಎಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ.

ಇಲ್ಲೊಂದು ಸಣ್ಣ ಸಂಗತಿಯನ್ನು ವಾಚಕರು ಗಮನಿಸಬೇಕು. ಹಿಂದುಸ್ಥಾನಿ ಮೊದಲು ಹೊರಟದ್ದು ಇಂಗ್ಲಿಷ್ ಮತ್ತು ಗುಜರಾತಿ ಭಾಷೆಗಳಲ್ಲಿ. ಇಂಗ್ಲಿಷ್ ಸರ್ಕಾರಕ್ಕೆ ಮುಟ್ಟಲೆಂದು. ಗುಜರಾತಿ ಸಂಪಾದಕರ ತಾಯಿನುಡಿ, ದ್ವೀಪದ ಕೆಲವು ವರ್ತಕರ ನುಡಿ. ಆದರೆ ಕಬ್ಬು ಕಡಿಯುವವನಿಗೆ ಗುಜರಾತಿ ಬಾರದು. ಇದನ್ನು ಕಂಡುಕೊಂಡ ಮಣಿಲಾಲರು ಗುಜರಾತಿಯನ್ನು ಬಿಟ್ಟು ಆ ಪುಟಗಳಲ್ಲಿ ಹಿಂದಿಯನ್ನು ತಂದರು. ತನ್ನ ಭಾಷೆಯನ್ನು ತಾನೇ ತನ್ನ ಪತ್ರಿಕೆಯಿಂದ ತೆಗೆದುಹಾಕಿದ ಸಂಪಾದಕರು ಎಷ್ಟು ಮಂದಿ ಇದ್ದಾರು! ಹಿಂದಿಯಾದರೂ ಭೋಜಪುರಿಯಲ್ಲ ನಿಜ. ಆದರೆ ಯಾರಾದರೊಬ್ಬರು ಓದಿ ಹೇಳಿದರೆ ಕೇಳುವವನಿಗೆ ಅರ್ಥವಾಗುವಷ್ಟು ಹತ್ತಿರದ್ದು. ಅದೇ ವರ್ಷ ಬಂದ ವಿಚಾರಣಾ ಆಯೋಗದ ಮುಂದೆ ಮಣಿಲಾಲರು ಕೂಲಿಗಳ ಪರವಾಗಿ ಸಾಕ್ಷ್ಯ ನುಡಿದರು; ಇಮ್ಮಡಿ ಕಡಿತವನ್ನು ಎತ್ತಿ ಆಡಿದರು. 1911ರಲ್ಲಿ ಅವರು ದ್ವೀಪವನ್ನು ಬಿಟ್ಟರು. ಅದೇ ವರ್ಷ ಆರ್ಯಸಮಾಜದವರ 'ಮಾರಿಷಸ್ ಆರ್ಯ ಪತ್ರಿಕಾ' ಹೊರಟಿತು.

ಹಳ್ಳಿಗಳಲ್ಲಿ ಆಗ ಬೈಠಕಾ ಎಂಬ ಸಂಸ್ಥೆಯಿದ್ದಿತು. ನಮ್ಮ ಹಳ್ಳಿಯ ಭಜನೆಮನೆ, ಚಾವಡಿ, ರಾತ್ರಿಶಾಲೆ ಮೂರನ್ನೂ ಒಂದೇ ಸೂರಿನಡಿ ಕೂಡಿಸಿದರೆ ಹೇಗೋ ಹಾಗೆ. ದಿನದ ಕೆಲಸ ಮುಗಿಸಿ ಬಂದವರು ಸಂಜೆ ಅಲ್ಲಿ ಸೇರಿ ರಾಮಾಯಣ ಕೇಳುತ್ತಿದ್ದರು, ಮಕ್ಕಳು ಹಿಂದಿ ಅಕ್ಷರ ತಿದ್ದುತ್ತಿದ್ದರು. 1940ರ ದಶಕದಲ್ಲಿ ಈ ಬೈಠಕಾಗಳಿಗೆ ರಾಜಕೀಯ ಮಹತ್ವ ಬಂದಿತು. ಅಲ್ಲಿಯವರೆಗೆ ಮತದ ಹಕ್ಕು ಸ್ವತ್ತುಳ್ಳವರದು. ಮತದಾರರು ಹನ್ನೆರಡು ಸಾವಿರದಷ್ಟು ಮಾತ್ರ. ಹೊಸ ರಾಜ್ಯಾಂಗವು, ದ್ವೀಪದಲ್ಲಿ ಬಳಕೆಯಲ್ಲಿರುವ ಯಾವುದಾದರೊಂದು ಭಾಷೆಯಲ್ಲಿ ಸರಳ ವಾಕ್ಯವನ್ನು ಓದಿ ಬರೆಯಬಲ್ಲ ವಯಸ್ಕರಿಗೆಲ್ಲ ಮತವುಂಟೆಂದು ಸಾರಿತು. ಆ ಪಟ್ಟಿಯಲ್ಲಿ ಹಿಂದಿ, ತಮಿಳು, ತೆಲುಗು, ಉರ್ದು, ಚೀನೀ ಎಲ್ಲವೂ ಇದ್ದುವು. ಕೂಡಲೇ ಬಾಸ್‌ದೇವ್ ಬಿಸುನ್‌ದಯಾಳರ ಸ್ವಯಂಸೇವಕರು ಹಳ್ಳಿಹಳ್ಳಿಗೆ ಹೋಗಿ ಹಿರಿಯರಿಗೆ ಅಕ್ಷರ ಕಲಿಸತೊಡಗಿದರು. ಕಬ್ಬಿನ ಕತ್ತಿ ಹಿಡಿದು ಜಡ್ಡುಗಟ್ಟಿದ ಬೆರಳುಗಳು ಸೀಮೆಸುಣ್ಣ ಹಿಡಿದುವು. 1948ರ ಚುನಾವಣೆಯ ವೇಳೆಗೆ ಮತದಾರರ ಸಂಖ್ಯೆ ಎಪ್ಪತ್ತು ಸಾವಿರವನ್ನು ದಾಟಿತು. ಚುನಾಯಿತರ 19 ಸ್ಥಾನಗಳಲ್ಲಿ 11 ಭಾರತೀಯ ಮೂಲದವರಿಗೆ ಬಂದುವು. ಅಕ್ಷರ ಬಲ್ಲವನಿಗೆ ಮಾತ್ರ ಮತವೆಂಬ ನಿಯಮ ನ್ಯಾಯವೆಂದು ನಾನು ಒಪ್ಪಲಾರೆ. ಅದರಂತೆ ನೋಡಿದರೆ ನಮ್ಮ ತಂದೆಯವರಿಗೆ ಮತವೇ ಇರುವುದಿಲ್ಲ. ಆದರೂ ಅಕ್ಷರವೊಂದು ಇಷ್ಟು ಬೇಗ ಫಲ ಕೊಟ್ಟ ಉದಾಹರಣೆಗಳು ವಿರಳ. ಆ ವರ್ಷವೇ 'ಜನತಾ', 'ಜಮಾನಾ' ಎಂಬ ಹಿಂದಿ ಪತ್ರಿಕೆಗಳು ಹುಟ್ಟಿದುದು ಆಕಸ್ಮಿಕವಲ್ಲ.

ಇದನ್ನು ಕಂಡು ಲ ಸೆರ್ನೆಯೆನ್ ಸುಮ್ಮನಿರಲಿಲ್ಲ. ನೂರು ವರ್ಷ ದಾಟಿದ ಆ ಪತ್ರಿಕೆ ಇನ್ನೂ ಸಕ್ಕರೆ ತೋಟಗಳ ಪತ್ರಿಕೆಯಾಗಿಯೇ ಉಳಿದಿದ್ದಿತು. ಅದರ ಸಂಪಾದಕನು ಎನ್. ಎಂ. ಯು. ಎಂಬ ಮೂರಕ್ಷರದ ಅಂಕಿತದಲ್ಲಿ ಸಾರ್ವತ್ರಿಕ ಮತದಾನದ ವಿರುದ್ಧವಾಗಿ, ಭಾರತೀಯರ ಕೈಗೆ ಅಧಿಕಾರ ಹೋದೀತೆಂಬ ಭೀತಿಯನ್ನು ಹರಡುತ್ತ ಬರೆದನು. ಅವನ ಫ್ರೆಂಚ್ ಬಹು ಸೊಗಸಾದುದೆಂದು ವಿರೋಧಿಗಳೂ ಒಪ್ಪುತ್ತಿದ್ದರಂತೆ. ಇದಕ್ಕೆ ಎದುರಾಗಿ ಲೇಬರ್ ಪಕ್ಷದ ಕಡೆಯವರಿಗೆ 1940ರಲ್ಲಿ ಹುಟ್ಟಿದ 'ಅಡ್ವಾನ್ಸ್' ಪತ್ರಿಕೆಯಿದ್ದಿತು. ಲಂಡನ್ನಿನಲ್ಲಿ ವೈದ್ಯ ವಿದ್ಯೆಯನ್ನು ಕಲಿತು ಬಂದಿದ್ದ, ಮುಂದೆ ದೇಶದ ಮೊದಲ ಪ್ರಧಾನಿಯಾದ ಶಿವಸಾಗರ ರಾಮಗುಲಾಮರು ಅದರಲ್ಲಿ ಗುಪ್ತನಾಮದಿಂದ ಬರೆಯುತ್ತಿದ್ದರು. ಅವರು ಆರಿಸಿಕೊಂಡ ಹೆಸರು 'ಥಂಬ್ ಮಾರ್ಕ್'—ಹೆಬ್ಬೆಟ್ಟಿನ ಗುರುತು! ಅಜ್ಜಂದಿರು ಕರಾರಿನ ಕಾಗದಕ್ಕೆ ಒತ್ತಿದ ಗುರುತನ್ನೇ ಮೊಮ್ಮಗನು ಪತ್ರಿಕೆಯ ಅಂಕಣದ ಕೆಳಗೆ ಒತ್ತಿದನು. ಲ ಸೆರ್ನೆಯೆನ್ 1982ರಲ್ಲಿ ನಿಂತುಹೋಯಿತು. ಇಂದು ಪೋರ್ಟ್ ಲೂಯಿಯ ಕಂಪೆನಿ ಉದ್ಯಾನದಲ್ಲಿ ದೆಪಿನೆ, ಒಲ್ಲಿಯೆ, ಮಣಿಲಾಲ್ ಡಾಕ್ಟರ್ ಮೂವರ ಪ್ರತಿಮೆಗಳೂ ಇವೆ.

1968ರ ಮಾರ್ಚ್ 12ರಂದು ದೇಶ ಸ್ವತಂತ್ರವಾಯಿತು. ಆಗ ಪತ್ರಿಕೆಗಳಿಗೆ ಸುಖಕಾಲ ಬಂದಿತೆಂದು ಹೇಳುವಂತಿಲ್ಲ. ಸ್ವದೇಶೀ ಸರ್ಕಾರವೂ ಪತ್ರಿಕೆಯನ್ನು ಕಂಡರೆ ಮುಖ ಸಿಂಡರಿಸಬಲ್ಲದು. 1971ರ ಕೊನೆಯಲ್ಲಿ ಮುಷ್ಕರಗಳ ಕಾರಣದಿಂದ ತುರ್ತುಪರಿಸ್ಥಿತಿ ಘೋಷಿತವಾಗಿ ಪತ್ರಿಕೆಗಳ ಮೇಲೆ ಪರಿಶೀಲಕರು ಕುಳಿತರು. 1976ರವರೆಗೆ ಚುನಾವಣೆಯೂ ನಡೆಯಲಿಲ್ಲ. ಹೆಬ್ಬೆಟ್ಟಿನ ಅಂಕಿತದವರೇ ಆಗ ಪ್ರಧಾನಿಗಳು ಎಂಬುದನ್ನು ಓದಿ ನನಗೆ ಖೇದವಾಯಿತು. 1984ರಲ್ಲಿ ಇನ್ನೊಂದು ಸರ್ಕಾರ, ಪತ್ರಿಕೆ ನಡೆಸುವವರು ಐದು ಲಕ್ಷ ರೂಪಾಯಿಯ ಜಾಮೀನು ಇಡಬೇಕೆಂದು ಮಸೂದೆ ತಂದಿತು. ದೊಡ್ಡ ಪತ್ರಿಕೆಗಳಿಗೆ ಅದು ಭಾರವಷ್ಟೆ, ಸಣ್ಣವಕ್ಕೆ ಮರಣಶಾಸನ. ಶಾಸನಸಭೆಯ ಮುಂದೆ ಪ್ರತಿಭಟಿಸಿದ 44 ಮಂದಿ ಪತ್ರಕರ್ತರನ್ನು ಬಂಧಿಸಿದರು; ವಿರೋಧ ಬಲವಾದ ಮೇಲೆ ಕಾಯಿದೆಯ ಮೊನೆಯನ್ನು ಮೊಂಡು ಮಾಡಬೇಕಾಯಿತು.

ಇನ್ನು ಭಾಷೆಯ ವಿಚಾರ. 1968ರ ಸಂವಿಧಾನವು ಶಾಸನಸಭೆಯ ಭಾಷೆ ಇಂಗ್ಲಿಷ್ ಎಂದಿತು, ಸದಸ್ಯರು ಫ್ರೆಂಚಿನಲ್ಲೂ ಮಾತನಾಡಬಹುದೆಂದಿತು. 1908ರ 'ಲ ಮೊರಿಸಿಯೆನ್', 1963ರಲ್ಲಿ ಹುಟ್ಟಿ ಸ್ವಾತಂತ್ರ್ಯದ ಪರವಾಗಿ ನಿಂತ 'ಲೆಕ್ಸ್‌ಪ್ರೆಸ್', ಹೀಗೆ ದೊಡ್ಡ ದಿನಪತ್ರಿಕೆಗಳೆಲ್ಲ ಇಂದಿಗೂ ಮುಖ್ಯವಾಗಿ ಫ್ರೆಂಚಿನವು. ಆದರೆ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಮನೆಯಲ್ಲಿ ಆಡುವುದು ಕ್ರಿಯೋಲ್. ಗುಲಾಮರು ಫ್ರೆಂಚ್ ಯಜಮಾನರ ಮಾತನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡು ಕಟ್ಟಿದ ನುಡಿ ಅದು. ಭೋಜಪುರಿಯವರ ಮೊಮ್ಮಕ್ಕಳೂ ಅದನ್ನೇ ಆಡುತ್ತಾರೆ. 1967ರಲ್ಲಿ ದೇವ್ ವಿರಾಸಾಮಿ ಎಂಬ ತರುಣ ವಿದ್ವಾಂಸರು, ಕ್ರಿಯೋಲೇ ರಾಷ್ಟ್ರದ ಭಾಷೆಯಾಗಬೇಕೆಂದು ಲೇಖನಗಳನ್ನು ಬರೆದರು. ಬರೆದುದು ಫ್ರೆಂಚ್ ಪತ್ರಿಕೆಯಾದ ಲೆಕ್ಸ್‌ಪ್ರೆಸ್‌ನಲ್ಲಿ. ಬೇರೆ ಎಲ್ಲಿ ಬರೆಯಲಾದೀತು? ಶಾಲೆಯಲ್ಲಿ ಅದು ಐಚ್ಛಿಕ ವಿಷಯವಾಗಿ ಕಾಲಿಟ್ಟುದು 2012ರಲ್ಲಿ.

ಈ ಸಂಗತಿಯನ್ನು ರಜೆಯಲ್ಲಿ ಊರಿಗೆ ಹೋದಾಗ ನಮ್ಮ ತಂದೆಯವರಿಗೆ ಹೇಳಿದೆನು. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿ, "ಅಲ್ಲ ಕಣಪ್ಪ, ಮನೆ ಮಾತೊಂದು ಪೇಪರಿನ ಮಾತೊಂದು ಅಂದಮೇಲೆ, ಆ ಊರಿನ ಹುಡುಗ ಓದಿಯೂ ಹೇಳಬೇಕು, ತಿರುಗಿಸಿಯೂ ಹೇಳಬೇಕು. ಎರಡಾಳಿನ ಕೆಲಸ ಆಯ್ತಲ್ಲ!" ಎಂದರು. ಇಮ್ಮಡಿ ಕಡಿತದ ವಿಷಯವನ್ನು ನಾನು ಅವರಿಗೆ ಆಗಿನ್ನೂ ಹೇಳಿರಲಿಲ್ಲ.

ಓದಿ ತಿರುಗಿಸಿ ಹೇಳುವ ಈ ತೊಡಕನ್ನು ಕಳಚಿದುದು ರೇಡಿಯೋ. ಬಹುಕಾಲ ಅದೂ ಸರ್ಕಾರದ ಅಂಕೆಯಲ್ಲಿದ್ದ ಮಾರಿಷಸ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್ ಒಂದರದೇ ಸೊತ್ತಾಗಿತ್ತು. 2002ರಲ್ಲಿ ಖಾಸಗಿ ಬಾನುಲಿಗಳು ಬಂದುವು. ನೀರು ಬಾರದ ಬೀದಿಯವರು, ಕೆಲಸ ಕಳೆದುಕೊಂಡವರು ನೇರವಾಗಿ ಫೋನು ಮಾಡಿ ಕ್ರಿಯೋಲಿನಲ್ಲಿ ಮಾತನಾಡತೊಡಗಿದರು. ಪತ್ರಿಕೆಯಲ್ಲಿ ಅವರ ಹೆಸರು ಬಂದಿದ್ದೀತು. ಮಾತು ಅವರ ಬಾಯಲ್ಲಿದ್ದಂತೆಯೇ ಬಂದಿರಲಿಲ್ಲ.

ಕೊನೆಯದಾಗಿ ಇತ್ತೀಚಿನ ಒಂದು ಘಟನೆ. 2024ರ ಅಕ್ಟೋಬರಿನಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ, 'ಮಿಸ್ಯೆ ಮುಸ್ತಾಸ್', ಅಂದರೆ ಮೀಸೆಯ ಯಜಮಾನ, ಎಂಬ ಅಡ್ಡಹೆಸರಿನಲ್ಲಿ ಯಾರೋ ಗುಟ್ಟಾಗಿ ಮುದ್ರಿಸಿಕೊಂಡ ದೂರವಾಣಿ ಸಂಭಾಷಣೆಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಒಂದೊಂದಾಗಿ ಹೊರಬಿಟ್ಟರು. ರಾಜಕಾರಣಿಗಳು, ಪೊಲೀಸ್ ಅಧಿಕಾರಿಗಳು, ಪತ್ರಕರ್ತರು ಇವರೆಲ್ಲರ ಧ್ವನಿಗಳು ಅವುಗಳಲ್ಲಿದ್ದುವು. ಫ್ರೆಂಚ್ ಬಾರದವನಿಗೂ, ಅಕ್ಷರವೇ ಬಾರದವನಿಗೂ ಕಿವಿಯಿದ್ದರೆ ಸಾಕಾಗಿತ್ತು. ನವೆಂಬರ್ 1ರಂದು ಸರ್ಕಾರ ಜಾಲತಾಣಗಳನ್ನು 11ನೆಯ ತಾರೀಖಿನವರೆಗೆ, ಅಂದರೆ ಮತದಾನ ಮುಗಿಯುವವರೆಗೆ, ತಡೆಹಿಡಿಯುವಂತೆ ಆಜ್ಞೆ ಮಾಡಿತು. ಪತ್ರಕರ್ತರೂ ವಿರೋಧಪಕ್ಷದವರೂ ಗದ್ದಲವೆಬ್ಬಿಸಿದರು. ಮರುದಿನವೇ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ನವೆಂಬರ್ 10ರಂದು ನಡೆದ ಚುನಾವಣೆಯಲ್ಲಿ 62 ಸ್ಥಾನಗಳ ಪೈಕಿ 60 ವಿರೋಧಪಕ್ಷಗಳ ಒಕ್ಕೂಟಕ್ಕೆ ಹೋದುವು. ಆಜ್ಞೆ ಮಾಡಿದ ಸರ್ಕಾರದ ಕಡೆಗೆ ಒಂದೂ ಬರಲಿಲ್ಲ.